ತೊರೆಯ ಸಾಲಮಾಂಡರೂ ಮೀನಿನ ವಾಸನೆಯೂ

ಕಪ್ಪೆಯ ದಾಯಾದಿಯಾದರೂ ಬಾಲವನ್ನು ಕಡೆಯವರೆಗೂ ಬಿಟ್ಟುಕೊಡದ, ನೋಟಕ್ಕೆ ಹಲ್ಲಿಯನ್ನು ಹೋಲಿದರೂ ಹಲ್ಲಿಯ ಕುಲಕ್ಕೆ ಸೇರದ ಸಾಲಮಾಂಡರ್ ಎಂಬ ಉಭಯಚರವು ಕನ್ನಡನಾಡಿನ ತೊರೆಗಳಲ್ಲಿ ಇಲ್ಲ. ಭರತಖಂಡದಲ್ಲಿ ಅದನ್ನು ಕಾಣಬೇಕೆಂಬವರು ಡಾರ್ಜಿಲಿಂಗಿಗೋ ಈಶಾನ್ಯದ ಬೆಟ್ಟಗಳಿಗೋ ಹೋಗಬೇಕು. ನಾನು ಹೇಳಹೊರಟಿರುವುದು ಇನ್ನೂ ದೂರದ್ದನ್ನು. ಅಮೆರಿಕದ ಕೆಂಟಕಿ ಪ್ರಾಂತದಲ್ಲಿ ಸುಣ್ಣಕಲ್ಲಿನ ನೆಲವನ್ನು ಕೊರೆದು ಹರಿಯುವ ಕಿರುತೊರೆಗಳ ನಿವಾಸಿಯಾಗಿ, 1989ರಲ್ಲಿ ಪ್ರತ್ಯೇಕ ಜಾತಿಯೆಂದು ಗುರುತಿಸಲ್ಪಟ್ಟು, ಆಂಬಿಸ್ಟೋಮ ಬಾರ್ಬೌರಿ ಎಂಬ ಶಾಸ್ತ್ರೀಯ ನಾಮವನ್ನು ಪಡೆದ ಸಾಲಮಾಂಡರಿನ ಮರಿ, ಅಂದರೆ ಅದರ ಡಿಂಭ, ಮೀನಿನ ಬಾಯಿಂದ ಹೇಗೆ ತಪ್ಪಿಸಿಕೊಳ್ಳುತ್ತದೆ, ಎಷ್ಟೋ ವೇಳೆ ಹೇಗೆ ತಪ್ಪಿಸಿಕೊಳ್ಳಲಾರದು ಎಂಬುದೇ ಇಲ್ಲಿಯ ವಿಷಯ.

ಚಳಿಗಾಲ ಮುಗಿಯುವ ಮುನ್ನವೇ ತಾಯಿಯು ನೀರಿಗಿಳಿದು, ಚಪ್ಪಟೆಗಲ್ಲುಗಳ ಅಡಿಮೈಗೆ ಮೊಟ್ಟೆಗಳನ್ನು ಒಂದೊಂದಾಗಿ ಅಂಟಿಸಿ ಹೋಗುತ್ತದೆ. ಕತ್ತಿನ ಇಕ್ಕೆಲಗಳಲ್ಲಿ ಗರಿಗಳಂತೆ ಚಾಚಿದ ಕಿವಿರುಗಳುಳ್ಳ ಮರಿಯು ಹೊರಬಂದ ಮೇಲೆ ಅದಕ್ಕೆ ದೊರೆಯುವ ಕಾಲಾವಕಾಶವಾದರೋ ಕೆಲವೇ ವಾರಗಳು; ಏಕೆಂದರೆ ಇಂತಹ ಅನೇಕ ತೊರೆಗಳು ಬೇಸಿಗೆಯಲ್ಲಿ ಬತ್ತಿಹೋಗುತ್ತವೆ, ಅಷ್ಟರೊಳಗಾಗಿ ಮರಿಯು ಸಣ್ಣ ಜಲಜಂತುಗಳನ್ನು ತಿಂದು ಬೆಳೆದು, ಕಿವಿರನ್ನು ಕಳಚಿ ನೆಲಕ್ಕೇರಲೇಬೇಕು. ಮೀನು ಹತ್ತಿ ಬರಲಾರದ ಮೇಲಣ ಹರಿವಿನಲ್ಲಿ ಹಗಲಿರುಳೆನ್ನದೆ ಮೇಯುವುದೇ ಅದರ ಕ್ಷೇಮಕ್ಕೆ ದಾರಿ. ಆದರೆ ಕೆಳಗಣ ಮಡುಗಳಲ್ಲಿ ಹಸಿರು ಸನ್‌ಫಿಶ್ ಎಂಬ ಮೀನು ಹೊಂಚುಹಾಕಿರುತ್ತದೆ. ಅಲ್ಲಿ ಹೊರಗೆ ಓಡಾಡಿದ ಮರಿ ಮೀನಿಗೆ ಆಹಾರ. ಕಲ್ಲಿನ ಕೆಳಗೇ ಅಡಗಿದ ಮರಿಗೆ ಹಸಿವು, ಬೆಳವಣಿಗೆಗೆ ವಿಳಂಬ, ಕಡೆಗೆ ಒಣಗುವ ತೊರೆ. ಅತ್ತ ದರಿ, ಇತ್ತ ಪುಲಿ.

ಶತ್ರುವಿನ ಸುಳಿವನ್ನು ಮರಿಯು ಅರಿಯುವುದು ಮುಖ್ಯವಾಗಿ ಕಣ್ಣಿನಿಂದಲ್ಲ. ಪೆಟ್ರಂಕ, ಕ್ಯಾಟ್ಸ್, ಸಿಹ್ ಎಂಬ ಮೂವರು ವಿಜ್ಞಾನಿಗಳು 1987ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ, ಮೀನು ಕಣ್ಣಿಗೆ ಬೀಳದಿದ್ದರೂ ಅದು ವಾಸಿಸಿದ್ದ ನೀರಿನ ಸೋಂಕಾದರೆ ಸಾಕು, ಮರಿಗಳು ಆಶ್ರಯವನ್ನು ಸೇರುತ್ತವೆಂಬುದು ತಿಳಿದುಬಂದಿತು. ಮೀನಿನ ಮೈಯಿಂದ ನೀರಿನಲ್ಲಿ ಬೆರೆಯುವ ರಾಸಾಯನಿಕ ದ್ರವ್ಯಗಳೇ ಇದಕ್ಕೆ ಕಾರಣ. ಬೆಳಕು ಮಂದವಾದ ಕಲ್ಲಿನ ಸಂದುಗಳಲ್ಲಿ ಬಾಳುವ ಪ್ರಾಣಿಗೆ ಇದಕ್ಕಿಂತ ಉಪಯುಕ್ತವಾದ ಇಂದ್ರಿಯವನ್ನು ಊಹಿಸುವುದು ಕಷ್ಟ. ಇನ್ನೂ ಮೊಟ್ಟೆಯೊಳಗೇ ಇರುವ ಭ್ರೂಣಕ್ಕೂ ಈ ಅರಿವು ಉಂಟು: ಸನ್‌ಫಿಶ್‌ನ ಸುಳಿವುಳ್ಳ ನೀರಿನಲ್ಲಿ ಮೊಟ್ಟೆಗಳು ತಡವಾಗಿ ಒಡೆಯುತ್ತವೆಂದು 1996ರ ಸಂಶೋಧನೆಯೊಂದು ತೋರಿಸಿತು. ಲೋಕವನ್ನು ಕಾಣುವ ಮೊದಲೇ ಅದರ ಭಯವನ್ನು ಬಲ್ಲ ಜೀವವಿದು!

ಇಷ್ಟು ಚತುರತೆಯಿದ್ದೂ ಮೀನಿರುವ ಮಡುಗಳಲ್ಲಿ ಮರಿಗಳು ವಿರಳವಾಗಿರುವುದೇಕೆ? ನನಗೆ ಎಲ್ಲಕ್ಕಿಂತ ಸ್ವಾರಸ್ಯವಾಗಿ ತೋರುವುದು ಈ ಪ್ರಶ್ನೆಯೇ. ಆಂಡ್ರ್ಯೂ ಸಿಹ್ ಮತ್ತು ಅವರ ಸಹೋದ್ಯೋಗಿಗಳು 2003ರಲ್ಲಿ ಕೊಟ್ಟ ವಿವರಣೆಯಂತೆ, ಮರಿಮರಿಗೂ ಸ್ವಭಾವಭೇದವುಂಟು. ಮೀನಿಲ್ಲದಾಗ ಚುರುಕಾಗಿ ಸುತ್ತುವ ಮರಿಯು ಮೀನಿನ ವಾಸನೆ ಬಂದೊಡನೆ ತನ್ನ ಓಡಾಟವನ್ನು ತಗ್ಗಿಸುವುದೇನೋ ನಿಜ. ಆದರೆ ಹುಟ್ಟಾ ಮಂದವಾದ ಮರಿಯಷ್ಟು ತಗ್ಗಿಸಲಾರದು. ಬತ್ತುವ ತೊರೆಯಲ್ಲಿ ಅದನ್ನು ಬದುಕಿಸುವ ಗುಣವೇ ಮೀನಿನ ಮಡುವಿನಲ್ಲಿ ಅದಕ್ಕೆ ಮೃತ್ಯುವಾಗುತ್ತದೆ. ಮಂದಸ್ವಭಾವದ ಮರಿಯೂ ಇದರಿಂದ ಗೆದ್ದಂತಾಗಲಿಲ್ಲ, ಅಪಾಯವೇ ಇಲ್ಲದೆಡೆಯಲ್ಲಿ ಅದು ಹೊಟ್ಟೆತುಂಬ ತಿನ್ನದೆ ಹಿಂದೆ ಬೀಳುತ್ತದೆ.

ಎಷ್ಟೋ ತಲೆಮಾರುಗಳ ಆಯ್ಕೆಯಿಂದ ಈ ನ್ಯೂನತೆಯು ಅಳಿಯಬೇಕಿತ್ತಲ್ಲವೇ ಎಂದು ಯಾರಾದರೂ ಕೇಳಿಯಾರು. ಸ್ಟೋರ್ಫರ್ ಮತ್ತು ಸಿಹ್ 1998ರಲ್ಲಿ ಪರೀಕ್ಷಿಸಿದುದೂ ಇದನ್ನೇ. ಮೀನಿಲ್ಲದ ತಾಣಗಳ ಸಂತತಿಯೊಡನೆ ಬೆರೆಯದೆ ಒಂಟಿಯಾಗಿ ಉಳಿದ, ಮೀನಿರುವ ತೊರೆಗಳ ಮರಿಗಳು ಶತ್ರುವಿಗೆ ತಕ್ಕಷ್ಟು ಹೆದರಿ ಅಡಗುತ್ತಿದ್ದುವು. ಆದರೆ ಎಲ್ಲಿ ನೆರೆಯ ನಿರ್ಭೀತ ವಂಶದ ಬೆರಕೆ ನಡೆಯುತ್ತಿತ್ತೋ ಅಲ್ಲಿ, ಮೀನು ಅಷ್ಟೇ ಇದ್ದರೂ, ಮರಿಗಳ ಎಚ್ಚರಿಕೆ ಅಷ್ಟಾಗಿ ತೀಕ್ಷ್ಣವಾಗಿರಲಿಲ್ಲ.