ಹೊಸ ಭಾಗ ಸೇರಿದ ಮೇಲೆ ಸ್ತಬ್ಧವಾಗುವ ಕಂಪ್ಯೂಟರು

ದೇಶವಿಭಜನೆಯ ನಿರಾಶ್ರಿತರಿಗಾಗಿ ಎದ್ದ ಓಲ್ಡ್ ರಾಜಿಂದರ್ ನಗರವು ಇಂದು ಐ.ಎ.ಎಸ್. ಪರೀಕ್ಷಾರ್ಥಿಗಳ ಬೀಡಾಗಿದೆ. ಇಂತಹ ಬಡಾವಣೆಗಳ ಹೋಟೆಲುಗಳಲ್ಲಿಯೂ ಕಚೇರಿಗಳಲ್ಲಿಯೂ ಈಗ ಲೆಕ್ಕವೆಲ್ಲ ಕಂಪ್ಯೂಟರಿನ ವಶದಲ್ಲಿದೆ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯ ಸಾಮಾನ್ಯ ಬೆಂಬಲವು ಮುಗಿಯಿತು. ಹಳೆಯ ಯಂತ್ರವನ್ನು ವಿಂಡೋಸ್ 11ಕ್ಕೆ ಅಣಿಗೊಳಿಸಲೆಂದು ನೆಹರೂ ಪ್ಲೇಸಿನಿಂದ ರ‍್ಯಾಮ್ ಅಥವಾ ಎಸ್.ಎಸ್.ಡಿ. ತಂದು ಹಾಕಿಸುವುದು ಸಹಜವೇ ಆಗಿದೆ.

ಹಾಗೆ ಹಾಕಿಸಿದ ಮೇಲೆ ಕೆಲವೊಮ್ಮೆ ಹೊಸ ಕಾಟವೊಂದು ಆರಂಭವಾಗುತ್ತದೆ. ಸಂಜೆಯ ನೂಕುನುಗ್ಗಲಿನಲ್ಲಿ ಪರದೆಯು ಇದ್ದಂತೆಯೇ ಸ್ತಬ್ಧವಾಗುತ್ತದೆ. ಮೌಸ್ ಸರಿಸಿದರೂ ಅಲುಗದು. ಅರ್ಧ ಬರೆದ ಬಿಲ್ಲು ಮಾಯವಾಗುತ್ತದೆ. ರಾತ್ರಿ ಹಣಕ್ಕೂ ಲೆಕ್ಕಕ್ಕೂ ತಾಳೆಯಾಗದಿದ್ದರೆ ಮಾಲಿಕರ ದೃಷ್ಟಿ ಹರಿಯುವುದು ಯಂತ್ರದ ಕಡೆಗಲ್ಲ, ಗಲ್ಲಾದಲ್ಲಿ ಕುಳಿತ ಹುಡುಗನ ಕಡೆಗೆ. ಆದುದರಿಂದ ಯಂತ್ರದ ಈ ರೋಗವನ್ನು ಪರೀಕ್ಷಿಸುವ ಕ್ರಮವನ್ನು ಆತನೂ ಅರಿತಿರುವುದು ಯುಕ್ತ.

ಸಾರು ಕಹಿಯಾದರೆ ಅಡಿಗೆಯವರು ಬೇಳೆ, ಹುಣಿಸೆ, ಪುಡಿ ಮೂರನ್ನೂ ಒಮ್ಮೆಗೇ ಬದಲಿಸುವುದಿಲ್ಲ. ಬದಲಿಸಿದರೆ ದೋಷ ಯಾವುದರದೆಂದು ತಿಳಿಯುವುದೇ ಇಲ್ಲ. ಇಲ್ಲಿಯೂ ನಿಯಮ ಅದೇ: ಒಂದು ಸಲಕ್ಕೆ ಒಂದೇ ಬದಲಾವಣೆ.

ಮೊದಲು ಲೆಕ್ಕದ ಪ್ರತಿಯೊಂದನ್ನು ಪೆನ್‌ಡ್ರೈವಿಗೆ ತೆಗೆದಿಡಿರಿ. ಯಂತ್ರವು ಯಾವ ದಿನ, ಎಷ್ಟು ಗಂಟೆಗೆ, ಏನು ಮಾಡುತ್ತಿದ್ದಾಗ ನಿಂತಿತೆಂಬುದನ್ನು ಪುಸ್ತಕದಲ್ಲಿ ಬರೆದಿಡಿರಿ. ಅನಂತರ ಹೊಸ ರ‍್ಯಾಮನ್ನು ತೆಗೆದು, ಹಳೆಯದರಲ್ಲಿಯೇ ಒಂದೆರಡು ದಿನ ನಡೆಸಿ ನೋಡಿರಿ. ಕಾಟ ನಿಂತರೆ ಸಂಶಯವು ಹೊಸದರ ಮೇಲೆ ಬೀಳುತ್ತದೆ. ಆದರೂ ಅದನ್ನು ಕೂಡಲೆ ಅಪರಾಧಿಯೆನ್ನಲಾಗದು. ಅದು ಸರಿಯಾಗಿ ಕೂರದೆ ಇದ್ದಿರಬಹುದು; ಬೇರೆ ವೇಗದ ಹಳೆಯ ರ‍್ಯಾಮಿನೊಡನೆ ಹೊಂದದೆ ಇದ್ದಿರಬಹುದು. ಹೊಸದೊಂದನ್ನೇ ಹಾಕಿ, ವಿಂಡೋಸಿನಲ್ಲಿಯೇ ಇರುವ ಮೆಮೊರಿ ಡಯಾಗ್ನೋಸ್ಟಿಕ್ ಪರೀಕ್ಷೆಯನ್ನು ಅಂಗಡಿ ಮುಚ್ಚಿದ ಬಳಿಕ ನಡೆಸಿರಿ. ಯಂತ್ರದ ಸಾಮಾನ್ಯ ವೇಗದಲ್ಲಿಯೂ ದೋಷ ಕಂಡುಬಂದರೆ, ಮತ್ತೊಂದು ಸ್ಲಾಟಿನಲ್ಲಿ ಹಾಕಿ ಪುನಃ ಪರೀಕ್ಷಿಸಿರಿ. ಅಲ್ಲಿಯೂ ದೋಷ ಕಂಡರೆ ಅದನ್ನು ಹಿಂತಿರುಗಿಸುವುದೇ ಲೇಸು.

ರ‍್ಯಾಮ್ ನಿರ್ದೋಷಿಯಾದರೆ ಎಸ್.ಎಸ್.ಡಿ.ಯ ಕೇಬಲು ಸಡಿಲವಾಗಿದೆಯೇ ಎಂದು ನೋಡಬೇಕು. ಬಳಿಕ ವಿದ್ಯುತ್ತನ್ನು ಹಂಚುವ ಎಸ್.ಎಂ.ಪಿ.ಎಸ್. ಪೆಟ್ಟಿಗೆಯ ಸರದಿ. ಮುದಿಯಾದ ಪೆಟ್ಟಿಗೆಯು ಹೆಚ್ಚು ವಿದ್ಯುತ್ ಬೇಡುವ ಹೊಸ ಭಾಗದ ಹೊರೆಯನ್ನು ತಾಳದೆ ಹೋಗಬಹುದು. ಅದನ್ನು ಬೇರೊಂದು ಒಳ್ಳೆಯ ಪೆಟ್ಟಿಗೆಯಿಂದ ಬದಲಿಸಿ ನೋಡಬೇಕೇ ಹೊರತು ಬಿಚ್ಚಲೇಬಾರದು. ಪ್ಲಗ್ ತೆಗೆದ ಮೇಲೂ ಅದರೊಳಗೆ ಅಪಾಯಕರ ವಿದ್ಯುತ್ ಉಳಿದಿರುತ್ತದೆ.

ಹೋಟೆಲಿನ ಮತ್ತೊಂದು ಶತ್ರು ಶಾಖ. ಕಾವಲಿಯ ಎಣ್ಣೆಹೊಗೆಯೂ ಹಿಟ್ಟಿನ ಧೂಳೂ ಫ್ಯಾನಿಗೆ ಅಂಟಿ ಗಾಳಿಯನ್ನು ತಡೆಯುತ್ತವೆ. ದೆಹಲಿಯ ಮೇ ತಿಂಗಳಲ್ಲಿ ಹೊರಗಿನ ತಾಪವೇ 45 ಡಿಗ್ರಿ ಮುಟ್ಟುವುದುಂಟು. ಮಧ್ಯಾಹ್ನ ಮಾತ್ರ ನಿಲ್ಲುವ ಯಂತ್ರವು ಬೆಳಗಿನ ತಂಪಿನಲ್ಲಿ ಸರಿಯಾಗಿ ನಡೆದರೆ, ಅದನ್ನು ಒಲೆಯಿಂದ ದೂರವಿರಿಸಿ ಶುಚಿಗೊಳಿಸಿ ನೋಡಿರಿ.

ಉಡುಪಿ, ಕುಂದಾಪುರದ ತೇವದ ಗಾಳಿಯಲ್ಲಿ ಬೆಳೆದವರು ವಿಶೇಷವಾಗಿ ನೆನಪಿಡಬೇಕಾದುದೊಂದಿದೆ. ದೆಹಲಿಯ ಚಳಿಗಾಲದ ಒಣಹವೆಯಲ್ಲಿ ಉಣ್ಣೆಯ ಸ್ವೆಟರ್ ಕಳಚುವಾಗ ಚಟಪಟ ಸದ್ದಾಗುವುದಷ್ಟೆ. ಆ ಸ್ಥಿರವಿದ್ಯುತ್ತು ಬೆರಳ ತುದಿಯಿಂದ ಹರಿದು ರ‍್ಯಾಮನ್ನು ಕೆಡಿಸಬಲ್ಲದು. ಪ್ಲಗ್ ತೆಗೆದು, ಯಂತ್ರದ ಲೋಹದ ಚೌಕಟ್ಟನ್ನು ಮುಟ್ಟಿಯೇ ಒಳಭಾಗಕ್ಕೆ ಕೈಹಾಕಬೇಕು.

ಕೊಂಡ ಭಾಗಕ್ಕೆ ರಸೀದಿಯನ್ನೂ ವಾರಂಟಿಯನ್ನೂ ಕೇಳಿ ಪಡೆಯಿರಿ. ಮಾರಿದವರು ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಪರೀಕ್ಷೆ ಮುಗಿಯುವ ಮುನ್ನ ಇನ್ನೊಂದು ಭಾಗ ಕೊಳ್ಳುವುದು ಹಣದ ಅಪವ್ಯಯ. ಯಂತ್ರದ ತಪ್ಪನ್ನು ಸಂಬಳದಲ್ಲಿ ಮುರಿದುಕೊಳ್ಳುವುದು ಅನ್ಯಾಯ. ದಿನ, ಗಂಟೆ ಸಹಿತ ಬರೆದಿಟ್ಟ ಪುಸ್ತಕವು ರೋಗದ ಮೂಲವನ್ನು ತೋರಿಸುತ್ತದೆ. ಪ್ರಾಮಾಣಿಕನಾದ ಗುಮಾಸ್ತನಿಗೆ ಸಾಕ್ಷಿಯೂ ಆಗುತ್ತದೆ.