ಅಪಸ್ವರ ಬೇರೆ, ಪಾಠಭೇದ ಬೇರೆ

ಶಿವಮೊಗ್ಗದ ಯಾವುದೇ ಬಡಾವಣೆಯ ದೇವಸ್ಥಾನದಲ್ಲಿ ಕಾರ್ತಿಕ ಸೋಮವಾರದ ರುದ್ರಾಭಿಷೇಕಕ್ಕೆ ಹತ್ತು ಜನ ಸೇರಿದರೆ ಸಾಕು, ಪ್ರಸಾದದ ಹೊತ್ತಿಗೆ ಒಂದು ಚರ್ಚೆ ಎದ್ದೇ ಏಳುತ್ತದೆ. ‘ಅಲ್ಲಿ ಸ್ವರ ಏರಿಸಬಾರದಿತ್ತು’ ಎನ್ನುತ್ತಾರೆ ಒಬ್ಬರು. ‘ನಮ್ಮ ಗುರುಗಳು ಹೇಳಿಕೊಟ್ಟಿದ್ದೇ ಹಾಗೆ’ ಎನ್ನುತ್ತಾರೆ ಇನ್ನೊಬ್ಬರು. ಮೂರನೆಯವರು ಮೊಬೈಲ್ ತೆಗೆದು, ಯಾರದೋ ಪಾರಾಯಣ ಹಾಕಿ, ‘ಕೇಳಿ, ಇದು ಸರಿ’ ಎಂದು ತೀರ್ಪು ಕೊಟ್ಟುಬಿಡುತ್ತಾರೆ. ನನ್ನ ತಕರಾರು ಈ ಮೂರನೆಯವರ ತೀರ್ಪಿನ ಮೇಲೆ.

ಉಚ್ಚಾರ ಮುಖ್ಯವಲ್ಲ, ಭಕ್ತಿಯೊಂದಿದ್ದರೆ ಸಾಕು ಎಂದು ವೇದಪಾಠಿಗಳು ಎಂದೂ ಒಪ್ಪಿದವರಲ್ಲ. ಇಂದ್ರನನ್ನು ಕೊಲ್ಲುವ ಮಗ ಬೇಕೆಂದು ಹೋಮಕ್ಕೆ ಕುಳಿತ ತ್ವಷ್ಟೃವಿನ ಕಥೆಯನ್ನು ಪಾಠಶಾಲೆಯ ಮಕ್ಕಳು ಕೇಳಿಯೇ ಇರುತ್ತಾರೆ. ‘ಇಂದ್ರಶತ್ರು’ ಎಂಬ ಪದದ ಕೊನೆಯಲ್ಲಿ ಬರಬೇಕಿದ್ದ ಉದಾತ್ತ ಸ್ವರ ಮೊದಲಿಗೆ ಬಂದು ಅರ್ಥವೇ ತಿರುಗಿಬಿತ್ತು. ಇಂದ್ರನನ್ನು ಕೊಲ್ಲಬೇಕಾದ ಮಗ ವೃತ್ರ ಇಂದ್ರನಿಂದಲೇ ಸತ್ತ. ಪತಂಜಲಿಯ ಮಹಾಭಾಷ್ಯವೂ ವ್ಯಾಕರಣ ಏಕೆ ಕಲಿಯಬೇಕು ಎನ್ನುವಾಗ ಈ ಪ್ರಸಂಗವನ್ನೇ ಎತ್ತಿಕೊಳ್ಳುತ್ತದೆ.

ಸಂಥೆಯ ಕಟ್ಟುನಿಟ್ಟು

ಶಿವಮೊಗ್ಗದ ಪಕ್ಕದಲ್ಲೇ ತುಂಗೆಯ ಆಚೆ ಈಚೆ ಮತ್ತೂರು, ಹೊಸಹಳ್ಳಿಗಳಿವೆ. ಮತ್ತೂರು 1981ರ ಸಂಸ್ಕೃತ ಶಿಬಿರದ ನಂತರ ‘ಸಂಸ್ಕೃತ ಗ್ರಾಮ’ ಎಂದು ಹೆಸರಾಯಿತು. ಹೊಸಹಳ್ಳಿಯನ್ನು ಪದ್ಮಶ್ರೀ ಪುರಸ್ಕೃತ ಗಮಕಿ ಎಚ್.ಆರ್. ಕೇಶವಮೂರ್ತಿಯವರ ಊರೆಂದು ನಾಡೇ ಬಲ್ಲದು. ಇಲ್ಲಿನ ಸಂಕೇತಿ ಸಮುದಾಯದವರ ಮನೆಮಾತಿನಲ್ಲಿ ತಮಿಳು, ಮಲಯಾಳ, ಕನ್ನಡ ಮೂರೂ ಬೆರೆತಿವೆ. ಮನೆಮಾತು ಯಾವಾಗಲೂ ನಾಲಿಗೆಯನ್ನು ತನ್ನ ಕಡೆಗೆ ಎಳೆಯುತ್ತದೆ. ಅದನ್ನು ಹಿಡಿದು ನಿಲ್ಲಿಸುವುದು ಸಂಥೆ.

ಸಂಥೆ ಎಂದರೆ ಗುರು ಒಮ್ಮೆ ಹೇಳುವುದು, ಶಿಷ್ಯ ಎರಡು ಸಲ ಹೇಳುವುದು. ಪುಸ್ತಕದಲ್ಲಿ ಅಕ್ಷರದ ಕೆಳಗೆ ಅಡ್ಡಗೀಟಿದ್ದರೆ ಅನುದಾತ್ತ, ದನಿ ಇಳಿಯಬೇಕು. ಮೇಲೆ ನೆಟ್ಟಗೆ ಒಂದು ಗೀಟಿದ್ದರೆ ಸ್ವರಿತ, ಏರಬೇಕು. ಎರಡು ಗೀಟಿದ್ದರೆ ದೀರ್ಘ ಸ್ವರಿತ, ಏರಿ ಎಳೆಯಬೇಕು. ಆದರೆ ಎಷ್ಟು ಏರಬೇಕು, ಎಷ್ಟು ಎಳೆಯಬೇಕು ಎಂಬುದು ಗೀಟಿನಲ್ಲಿ ಇಲ್ಲ, ಗುರುವಿನ ಕಂಠದಲ್ಲಿದೆ. ಬರೆದದ್ದನ್ನು ನೋಡಿ ಓದುವವನನ್ನು ಪಾಣಿನೀಯ ಶಿಕ್ಷೆ ಅಧಮ ಪಾಠಕರ ಸಾಲಿಗೆ ಸೇರಿಸಿದ್ದು ಇದಕ್ಕೇ. ಅವಸರದಲ್ಲಿ ಓದುವವನೂ, ತಲೆ ಅಲ್ಲಾಡಿಸುತ್ತ ಓದುವವನೂ, ಅರ್ಥ ತಿಳಿಯದೆ ಓದುವವನೂ ಅದೇ ಸಾಲಿನಲ್ಲಿದ್ದಾರೆ.

ಸಂಹಿತೆ ಬಾಯಿಗೆ ಬಂದ ಮೇಲೆ ಪದ, ಕ್ರಮ, ಜಟೆ, ಘನ ಎಂದು ಪಾಠ ಬಿಗಿಯಾಗುತ್ತ ಹೋಗುತ್ತದೆ. ಘನಪಾಠಿ ಮೂರು ಪದಗಳನ್ನು 1-2, 2-1, 1-2-3, 3-2-1, 1-2-3 ಎಂದು ಹೆಣೆದು ಮುಂದಿನ ಪದಕ್ಕೆ ಹೋಗುತ್ತಾನೆ. ಪದ ಹಿಂದುಮುಂದಾದಂತೆಲ್ಲ ಸಂಧಿಯೂ ಸ್ವರವೂ ಬದಲಾಗುವುದರಿಂದ ಒಂದು ಅಕ್ಷರ ಜಾರಿದರೂ ಅಲ್ಲೇ ಸಿಕ್ಕಿಬೀಳುತ್ತದೆ.

ಎರಡೂ ಸರಿಯಾಗಿರುವುದು

ಇಷ್ಟು ಬಿಗಿಯಾದ ಪರಂಪರೆಯೇ ಭೇದಗಳನ್ನೂ ಕಾಪಾಡಿಕೊಂಡು ಬಂದಿದೆ. ತೈತ್ತಿರೀಯ ಶಾಖೆಯವರು ಶ, ಷ, ಸ, ಹ, ರ ಮುಂದೆ ಬಂದಾಗ ಅನುಸ್ವಾರವನ್ನು ‘ಗ್ಂ’ ಎನ್ನುತ್ತಾರೆ. ಶುಕ್ಲ ಯಜುರ್ವೇದದ ಮಾಧ್ಯಂದಿನರು ‘ಷ’ವನ್ನು ‘ಖ’ ಎಂದೂ ಪದದ ಮೊದಲಿನ ‘ಯ’ವನ್ನು ‘ಜ’ ಎಂದೂ ಹೇಳುತ್ತಾರೆ. ಕೇರಳದ ನಂಬೂದಿರಿಗಳ ಬಾಯಲ್ಲಿ ಪದಾಂತ್ಯದ ‘ತ್’ ‘ಲ್’ ಆಗುತ್ತದೆ. ಇವು ಅಪಸ್ವರಗಳಲ್ಲ, ಪಾಠಭೇದಗಳು. ಗುರುವಿನಿಂದ ಶಿಷ್ಯನಿಗೆ ಜತನವಾಗಿ ಬಂದವು.

ಯಹೂದಿಗಳ ಪ್ರಾರ್ಥನೆಯಲ್ಲೂ ಇದೇ ಜಗಳವಿದೆ. ಪೂರ್ವ ಯುರೋಪಿನ ಅಶ್ಕೆನಾಜಿಗಳಿಗೆ ಪವಿತ್ರ ದಿನ ‘ಶಬ್ಬೊಸ್’, ಸೆಫಾರ್ದಿಗಳಿಗೆ ‘ಶಬ್ಬಾತ್’. ಯೆಮನ್ನಿನವರು ಬೇರೆಯವರು ಬಿಟ್ಟುಕೊಟ್ಟ ಹಲವು ಧ್ವನಿಭೇದಗಳನ್ನು ಉಳಿಸಿಕೊಂಡಿದ್ದಾರೆ. ಹೊಸ ಹೀಬ್ರೂ ಆಡುಮಾತಾಗಿ ಸೆಫಾರ್ದಿ ಧಾಟಿಗೆ ಹೊರಳಿದಾಗ, ಅಶ್ಕೆನಾಜಿ ಮನೆಯ ಹುಡುಗ ಬೀದಿಯ ಉಚ್ಚಾರದಲ್ಲೇ ಪ್ರಾರ್ಥಿಸಬಹುದೇ ಎಂಬ ಪ್ರಶ್ನೆ ಎದ್ದಿತು. 1921ರಲ್ಲಿ ಪ್ಯಾಲೆಸ್ಟೈನಿನ ಮೊದಲ ಅಶ್ಕೆನಾಜಿ ಮುಖ್ಯ ರಬ್ಬಿಯಾದ ಅಬ್ರಹಾಂ ಐಸಾಕ್ ಕುಕ್, ಪ್ರಾರ್ಥನೆಯಲ್ಲಿ ಹಿರಿಯರ ಉಚ್ಚಾರ ಬಿಡಬಾರದು ಎಂದರು. ಬದಲಾಯಿಸಬಹುದು ಎಂದ ರಬ್ಬಿಗಳೂ ಇದ್ದರು.

ಇನ್ನೂ ಹಳೆಯ ಮಾತೊಂದು ತಾಲ್ಮುದ್‌ನಲ್ಲಿದೆ. ಹೈಫಾ, ಬೇತ್ ಶೆಆನ್ ಊರಿನವರು ‘ಆಲೆಫ್’ ಮತ್ತು ‘ಆಯಿನ್’ ಅಕ್ಷರಗಳನ್ನು ಅದಲುಬದಲು ಮಾಡುವುದರಿಂದ ಅವರಿಗೆ ಪ್ರಾರ್ಥನೆಯ ಮುಂದಾಳ್ತನ ಕೊಡಬೇಡಿ ಎಂಬುದು ಆ ವಿಧಿ. ನಮ್ಮಲ್ಲಿ ‘ಹ’ಕಾರ ‘ಅ’ಕಾರವಾದರೆ ಹುಬ್ಬೇರಿಸುವವರಿಗೆ ಇದು ಕೂಡಲೇ ಅರ್ಥವಾದೀತು. ಆದರೆ ಇಡೀ ಊರೇ ಹಾಗೆ ನುಡಿಯುವುದಾದರೆ ತಡೆಯಿಲ್ಲ ಎಂದು ನಂತರದ ಧರ್ಮಶಾಸ್ತ್ರಕಾರರು ವಿನಾಯಿತಿ ಕೊಟ್ಟರು. ಆ ವಿವೇಕ ನಮಗೂ ಬೇಕು. ‘ಉಚ್ಚಾರ ಸರಿಯಿಲ್ಲ’ ಎಂಬ ಮಾತನ್ನು ಮನುಷ್ಯರನ್ನು ದೂರವಿಡಲು ಬಳಸಿದ ಚರಿತ್ರೆ ನಮ್ಮದೂ ಹೌದು.

ಭದ್ರಾವತಿಗೆ ಬಂದರೆ ವಿಷಯ ಇನ್ನೂ ಹತ್ತಿರವಾಗುತ್ತದೆ. 1918ರಲ್ಲಿ ರೂಪುಗೊಂಡ ಕಬ್ಬಿಣದ ಕಾರ್ಖಾನೆ ತಮಿಳು, ತೆಲುಗು, ಮಲಯಾಳ, ಉರ್ದು ಮಾತಿನವರನ್ನೆಲ್ಲ ಒಂದೇ ಊರಿಗೆ ತಂದಿತು. ಹಳೆನಗರದ ಹೊಯ್ಸಳ ಕಾಲದ ಲಕ್ಷ್ಮೀನರಸಿಂಹನ ಮುಂದೆ ಒಂದೇ ಸ್ತೋತ್ರ ಹಲವು ಧಾಟಿಗಳಲ್ಲಿ ಕೇಳುತ್ತದೆ. ಮದರಸಾದಲ್ಲಿ ಕುರ್‌ಆನ್ ಕಲಿಯುವ ಮಕ್ಕಳಿಗೆ ‘ತಜ್ವೀದ್’ ಎಂಬ ಪಠಣಶಾಸ್ತ್ರವಿದೆ. ಅಕ್ಷರ ಗಂಟಲಲ್ಲಿ ಹುಟ್ಟಬೇಕೋ ನಾಲಿಗೆಯ ಅಂಚಿನಲ್ಲೋ ಎಂಬುದನ್ನು ಅದು ಕರಾರುವಾಕ್ಕಾಗಿ ಹೇಳುತ್ತದೆ. ಅಜ್ಜನ ಬಾಯಲ್ಲಿ ‘ರಂಜಾನ್’, ಮೊಮ್ಮಗನ ಬಾಯಲ್ಲಿ ‘ರಮದಾನ್’. ಆ ಒಂದು ಅರಬಿ ಅಕ್ಷರಕ್ಕಾಗಿ ಉಪಖಂಡದ ಮೌಲಾನಾಗಳು ದೊಡ್ಡ ವಾದಗಳನ್ನೇ ನಡೆಸಿದ್ದಾರೆ.

ಏನು ಮಾಡಬೇಕು

ವೇದಪಠಣ ಪರಂಪರೆಯನ್ನು 2003ರಲ್ಲಿ ಗೌರವಿಸಿದ ಯುನೆಸ್ಕೊ, ಸಾವಿರಕ್ಕೂ ಮಿಕ್ಕಿದ್ದ ವೇದಶಾಖೆಗಳಲ್ಲಿ ಈಗ ಉಳಿದಿರುವುದು ಹದಿಮೂರು ಮಾತ್ರ ಎಂದು ದಾಖಲಿಸಿದೆ. ಜನಪ್ರಿಯ ಧ್ವನಿಮುದ್ರಣವೊಂದನ್ನೇ ಎಲ್ಲರಿಗೂ ಪ್ರಮಾಣ ಮಾಡಿದರೆ ಉಳಿದ ಪಾಠಗಳೂ ಸದ್ದಿಲ್ಲದೆ ಕರಗಿಹೋಗುತ್ತವೆ. ಮೊಬೈಲ್ ನಮಗೆ ಕೇಳಿಸುತ್ತದೆ, ನಿಜ. ನಾವು ಹೇಳಿದ್ದನ್ನು ಕೇಳಿ ತಿದ್ದುವವರು ಮಾತ್ರ ಎದುರಿಗೇ ಕೂತಿರಬೇಕು.

ಮಹಾಪ್ರಾಣ ನುಂಗಿದರೆ, ಹ್ರಸ್ವ ದೀರ್ಘವಾದರೆ, ‘ಶಾಂತಿಃ’ ಎಂಬಲ್ಲಿ ವಿಸರ್ಗವೇ ಬಿದ್ದುಹೋದರೆ ತಿದ್ದಲೇಬೇಕು, ಅದೂ ನಾಲ್ಕು ಜನರ ಮುಂದಲ್ಲ, ಪಕ್ಕಕ್ಕೆ ಕರೆದು. ತಿದ್ದುವ ಮುನ್ನ ಒಂದು ಪ್ರಶ್ನೆ ಕೇಳುವ ರೂಢಿಯಾಗಲಿ: ‘ನಿಮ್ಮದು ಯಾವ ಶಾಖೆ, ಯಾರಲ್ಲಿ ಪಾಠವಾಯಿತು?’ ಈ ಪ್ರಶ್ನೆಗೆ ಸ್ಪಷ್ಟ ಉತ್ತರವಿರುವವರ ಪಾಠವನ್ನು ನಮ್ಮ ಪಾಠದ ಅಳತೆಯಿಂದ ತಪ್ಪೆನ್ನುವ ಅಧಿಕಾರ ಯಾರಿಗೂ ಇಲ್ಲ. ಉತ್ತರವಿಲ್ಲದವರಿಗೆ ಬೇಕಾಗಿರುವುದು ಗುರುವೇ ಹೊರತು ಟೀಕೆಯಲ್ಲ.