ಗಾಲಿ ಮನೆಯ ಕತ್ತು

ಡೋಮ್ ರಾಕ್ ಬೆಟ್ಟಸಾಲಿನ ನೆತ್ತಿಗೆ ಬಿಸಿಲು ತಾಗುವ ಹೊತ್ತಿಗೆ ಇಲ್ಲಿ ಜನರೇಟರುಗಳು ಒಂದೊಂದಾಗಿ ಗುರುಗುಟ್ಟಲು ಶುರುಮಾಡುತ್ತವೆ. ರಾತ್ರಿಯ ಚಳಿ ಇನ್ನೂ ನೆಲ ಬಿಟ್ಟಿರುವುದಿಲ್ಲ. ಕಾಲಿಟ್ಟರೆ ಕರಕರ ಎನ್ನುವ, ಬಿಸಿಲುಂಡು ಕಪ್ಪಾದ ಸಣ್ಣ ಕಲ್ಲುಗಳ ಬಯಲು. ಅಲ್ಲೊಂದು ಇಲ್ಲೊಂದು ಕ್ರಿಯೊಸೋಟ್ ಪೊದೆ, ತೋಳೆತ್ತಿ ನಿಂತ ಸಗ್ವಾರೊ ಕಳ್ಳಿ, ಅವುಗಳ ನಡುವೆ ಕಣ್ಣು ಹಾಯುವಷ್ಟು ದೂರವೂ ಬೆಳ್ಳಗೆ ಹೊಳೆಯುವ ಗಾಲಿ ಮನೆಗಳು. ಒಂದು ಬಾಗಿಲು ತೆರೆದು ಮೊದಲು ನಾಯಿ ಇಳಿಯುತ್ತದೆ, ಅದರ ಹಿಂದೆ ಹಗ್ಗ, ಹಗ್ಗದ ಹಿಂದೆ ಉಣ್ಣೆ ಟೋಪಿಯ ಅಜ್ಜ. ಯಾರದೋ ಒಲೆಯಿಂದ ಬೇಕನ್ ಹುರಿಯುವ ವಾಸನೆ, ಅದರ ಜೊತೆಗೆ ಕಾಫಿ, ಒಂದಿಷ್ಟು ಡೀಸೆಲ್ ಹೊಗೆ.

ಅಮೆರಿಕದ ಅರಿಜೋನಾ ರಾಜ್ಯದ ಕ್ವಾರ್ಟ್ಜ್‌ಸೈಟ್ ಇದು. ಫೀನಿಕ್ಸಿನಿಂದ ಲಾಸ್ ಏಂಜಲೀಸ್ ಕಡೆಗೆ ಹೆದ್ದಾರಿ ಹಿಡಿದು ಇನ್ನೂರು ಕಿಲೋಮೀಟರ್ ಬಂದರೆ, ಕೊಲರಾಡೊ ನದಿ ಇನ್ನೇನು ಬಂತು ಅನ್ನುವಾಗ ಸಿಗುವ ಊರು. ಬೇಸಿಗೆಯಲ್ಲಿ ಬಂದಿದ್ದರೆ ನೀವು ಪೆಟ್ರೋಲ್ ಹಾಕಿಸಿಕೊಂಡು ಹಿಂತಿರುಗಿಯೂ ನೋಡದೆ ಹೋಗಿಬಿಡುತ್ತಿದ್ದಿರಿ. 40 ಡಿಗ್ರಿ ದಾಟುವ ಆ ಉರಿಯಲ್ಲಿ ಇಲ್ಲಿ ನಿಲ್ಲುವವರೇ ಕಡಿಮೆ. 2020ರ ಜನಗಣತಿಯಲ್ಲಿ ಸಿಕ್ಕ ತಲೆಗಳು 2,413. ಆದರೆ ಚಳಿಗಾಲ ಹುಟ್ಟಿತೆಂದರೆ ಉತ್ತರದ ಹಿಮಕ್ಕೆ ಬೆನ್ನು ತಿರುಗಿಸಿದ ನಿವೃತ್ತರು, ಕೆನಡಾದಷ್ಟು ದೂರದವರೂ ಸೇರಿ, ಮನೆಯನ್ನೇ ಎಳೆದುಕೊಂಡು ಬಂದು ಈ ಬಯಲಿಗೆ ಇಳಿಯುತ್ತಾರೆ. ಊರ ದಕ್ಷಿಣಕ್ಕಿರುವ ಲಾ ಪೋಸಾ ಬಯಲು ಕೇಂದ್ರ ಸರ್ಕಾರದ ಜಮೀನು. ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಪರವಾನಗಿ ಪಡೆದು ಬಿಡಾರ ಹೂಡುವ ವ್ಯವಸ್ಥೆ 1983ರಿಂದ ನಡೆದುಕೊಂಡು ಬಂದಿದೆ.

ಜನರೇಟರುಗಳ ಗುರುಗುಟ್ಟುವಿಕೆಯ ನಡುವೆ ಇನ್ನೊಂದು ಸದ್ದು ಬರುತ್ತಿದೆ, ಕೇಳಿ. ಕಬ್ಬಿಣಕ್ಕೆ ಗ್ರೈಂಡರ್ ತಾಗಿದಾಗಿನ ಕಿರ್‌ರ್ ಎನ್ನುವ ಕೂಗು, ಆಮೇಲೆ ಮೌನ, ಮತ್ತೆ ಕೂಗು. ಬನ್ನಿ, ಅದರ ಬೆನ್ನು ಹತ್ತಿ ಹೋಗೋಣ.

ಹಳೆಯ ಪಿಕಪ್ಪೊಂದರ ಬೆನ್ನ ಮೇಲೆ ವೆಲ್ಡಿಂಗ್ ಮೆಷಿನ್, ಗ್ಯಾಸ್ ಸಿಲಿಂಡರ್, ಸುತ್ತಿಟ್ಟ ದಪ್ಪ ಕೇಬಲ್. ಅದರ ಪಕ್ಕದಲ್ಲಿ ಸುಮಾರು ಹತ್ತು ಮೀಟರ್ ಉದ್ದದ ಒಂದು ಫಿಫ್ತ್ ವೀಲ್ ಟ್ರೇಲರ್ ಮರದ ದಿಮ್ಮಿಗಳ ಅಟ್ಟಣೆಯ ಮೇಲೆ ಕುಳಿತಿದೆ. ಅದರ ಹೊಟ್ಟೆಯಡಿಯಿಂದ ಎರಡು ಬೂಟುಗಾಲು ಮಾತ್ರ ಕಾಣುತ್ತಿವೆ. ಗಾಡಿಯ ಒಡೆಯ ಜೇಬಿಗೆ ಕೈ ತುರುಕಿಕೊಂಡು ನಿಂತಿದ್ದಾರೆ, ಆಸ್ಪತ್ರೆಯ ಕಾರಿಡಾರಿನಲ್ಲಿ ಕಾಣುವ ಮುಖ. ಹೆಂಡತಿ ಮಡಚುವ ಕುರ್ಚಿ ಹಾಕಿಕೊಂಡು ಹೆಣಿಗೆ ಹಿಡಿದಿದ್ದಾರೆ. ಮಿನೆಸೋಟದಲ್ಲಿದ್ದ ಮನೆ ಮಾರಿದವರು. ಅವರಿಗಿನ್ನು ಇದೇ ಮನೆ.

ಸಾಮಾನ್ಯ ಟ್ರೇಲರು ಕಾರಿನ ಹಿಂಬದಿಯ ಕೊಂಡಿಗೆ ಜೋತು ಬರುತ್ತದೆ. ಫಿಫ್ತ್ ವೀಲ್ ಹಾಗಲ್ಲ. ಅದರ ಮುಂಭಾಗ ಮೇಲಕ್ಕೆದ್ದು, ಕತ್ತು ಚಾಚಿ, ಪಿಕಪ್ಪಿನ ಬೆನ್ನ ಮೇಲೆಯೇ ಬಂದು ಕೂರುತ್ತದೆ. ಆ ಕತ್ತಿನ ಒಳಗೆ ಮಲಗುವ ಕೋಣೆ. ಕತ್ತಿನ ಅಡಿಯಲ್ಲಿ ಎರಡು ಇಂಚು ದಪ್ಪದ ಉಕ್ಕಿನ ಕಿಂಗ್‌ಪಿನ್. ಎತ್ತಿನ ಗಾಡಿಯ ಮೂಕಿ ನೊಗದ ಮೇಲೆ ಭಾರ ಹಾಕುವ ಹಾಗೆ ಈ ಮನೆ ತನ್ನ ತೂಕದ ಒಂದು ಪಾಲನ್ನು ಆ ಪಿನ್ನಿನ ಮೂಲಕ ಪಿಕಪ್ಪಿನ ಹಿಂದಿನ ಅಚ್ಚಿಗೆ ಇಳಿಸುತ್ತದೆ. ಎಳೆಯುವಾಗ ಬಾಲ ಅಲ್ಲಾಡಿಸುವುದು ಕಡಿಮೆ, ತಿರುವಿನಲ್ಲಿ ನೆಮ್ಮದಿ. ಆದರೆ ಆ ಪಾಲು ಸಣ್ಣದಲ್ಲ. ಸಾಮಾನು ಸಮೇತ 6,350 ಕಿಲೋ ತೂಗುವ ಗಾಡಿಯಾದರೆ ನೂರಕ್ಕೆ 20ರಿಂದ 25ರಷ್ಟು, ಅಂದರೆ 1,270ರಿಂದ 1,590 ಕಿಲೋ, ಆ ಒಂದು ಪಿನ್ನಿನ ಮೇಲೆ. ರಸ್ತೆಯ ಗುಂಡಿ, ಸೇತುವೆಯ ಸಂದು, ಬ್ರೇಕಿನ ಜಗ್ಗು ಎಲ್ಲವೂ ಅದೇ ಕತ್ತಿನ ಮೂಲಕವೇ ಹಾದು ಮನೆಯೊಳಕ್ಕೆ ಬರಬೇಕು.

ಕಾಯಿಲೆ ಮೊದಲು ಗೊತ್ತಾದದ್ದು ಹೆಣಿಗೆಯ ಅಜ್ಜಿಗೆ. ಮಲಗುವ ಕೋಣೆಯ ಕಪಾಟಿನ ಬಾಗಿಲು ತಾನಾಗಿ ತೆರೆದುಕೊಳ್ಳತೊಡಗಿತು. ಕಿಟಕಿಯ ಮೂಲೆಯಿಂದ ಹೊರಗೋಡೆಯ ಫೈಬರ್ ಮೇಲೆ ಒಂದು ಗೆರೆ ಓರೆಯಾಗಿ ಇಳಿಯಿತು. ಮಳೆ ಬಂದ ಮರುದಿನ ಹಾಸಿಗೆಯ ತಲೆಕಡೆ ಮುಗ್ಗಲು ವಾಸನೆ. ಯಜಮಾನರು ಟ್ಯೂಬಿನಿಂದ ಸೀಲೆಂಟ್ ಹಿಂಡಿ ಗೆರೆ ಮುಚ್ಚಿದರು. ಗೆರೆ ಇನ್ನೊಂದು ಕಡೆ ಎದ್ದಿತು. ಗೋಡೆಯ ಬಿರುಕಿಗೆ ಬಣ್ಣ ಬಳಿದು ಪಾಯದ ಕಡೆ ನೋಡದವರು ಎಲ್ಲ ದೇಶದಲ್ಲೂ ಇದ್ದಾರೆ ಬಿಡಿ.

ವೆಲ್ಡರ್ ಬಂದವನೇ ಗೋಡೆ ಮುಟ್ಟಲಿಲ್ಲವಂತೆ. ಗಾಡಿಯ ಮುಂಗಾಲುಗಳ ಮೋಟರಿನ ಗುಂಡಿ ಒತ್ತಿ ಎಂದು ಯಜಮಾನರಿಗೆ ಹೇಳಿ, ತಾನು ಕತ್ತು ಬಾಗುವ ಜಾಗದಲ್ಲಿ ಟಾರ್ಚು ಹಿಡಿದು ಕುಳಿತ. ಮುಂಭಾಗ ಏರಿತು, ಇಳಿಯಿತು. ಏರುವಾಗ ಗೋಡೆಯ ಕೆಳ ಅಂಚಿಗೂ ಉಕ್ಕಿನ ಚೌಕಟ್ಟಿಗೂ ನಡುವಿನ ಸಂದು ಮುಚ್ಚುತ್ತಿತ್ತು, ಇಳಿಯುವಾಗ ಬೆರಳ ತುದಿ ತೂರುವಷ್ಟು ಬಾಯಿ ಬಿಡುತ್ತಿತ್ತು. ಗೋಡೆಯೂ ಚೌಕಟ್ಟೂ ಒಂದೇ ಆಗಿ ಏರಿಳಿಯಬೇಕಾದವು. ಅವು ಬೇರೆ ಬೇರೆ ಏರಿಳಿದರೆ ಒಳಗಿನ ಸ್ಕ್ರೂಗಳು ಯಾವಾಗಲೋ ಕಿತ್ತು ಬಂದಿವೆ ಎಂದೇ ಅರ್ಥ.

ಈಗ ಆ ಹೊಟ್ಟೆ ಬಿಚ್ಚಿದೆ. ಅಡಿಗೆ ಹೊದಿಸಿದ್ದ ಕಪ್ಪು ಪ್ಲಾಸ್ಟಿಕ್ ಹಾಳೆಯನ್ನು ಕತ್ತರಿಸಿ ಕೆಳಗೆ ಬಿಟ್ಟಿದ್ದಾನೆ. ಅದರ ಜೊತೆಗೆ ಗುಲಾಬಿ ಬಣ್ಣದ ಗಾಜಿನ ನಾರು, ಇಲಿಯ ಗೂಡೊಂದು, ಇಲಿ ಕಡಿದ ವೈರು, ಕಾರ್ಖಾನೆಯವರು ಮರೆತು ಬಿಟ್ಟ ಮರದ ಪುಡಿ ಎಲ್ಲ ಹೊರಬಿದ್ದಿದೆ. ಬಗ್ಗಿ ನೋಡಿ: ಕೆಳಗಿನ ಉದ್ದ ತೊಲೆ ಮೇಲಿನ ಕತ್ತಿನ ಚೌಕಟ್ಟಿಗೆ ಸೇರುವ ಮೂಲೆಯಲ್ಲಿ, ಬೆಸುಗೆಯ ಅಂಚಿಗೆ ಅಂಟಿಕೊಂಡು, ಕಪ್ಪು ಬಣ್ಣದ ಮೇಲೆ ತುಕ್ಕಿನ ಒಂದು ಎಳೆ. ಕೂದಲಿಗಿಂತ ಕೊಂಚ ದಪ್ಪ, ಅಷ್ಟೆ. ಅದೇ ಬಿರುಕು.

ಕಣ್ಣಿಗೆ ಕಂಡಷ್ಟನ್ನೇ ನಂಬುವುದಿಲ್ಲ ಈ ವೆಲ್ಡರ್. ಬಣ್ಣ ಕೆರೆದು, ಬಟ್ಟೆಯಿಂದ ಒರೆಸಿ, ಡಬ್ಬಿಯಿಂದ ಕೆಂಪು ದ್ರವ ಸಿಂಪಡಿಸುತ್ತಾನೆ. ಸ್ವಲ್ಪ ಹೊತ್ತು ಬಿಟ್ಟು ಮೇಲಿನದ್ದನ್ನೆಲ್ಲ ಒರೆಸಿ ತೆಗೆದು ಬಿಳಿಯ ಪುಡಿ ಹೊಡೆಯುತ್ತಾನೆ. ಬಿಳುಪಿನ ಮೇಲೆ ನಿಧಾನವಾಗಿ ಕೆಂಪು ಒಸರುತ್ತದೆ. ಬಿರುಕಿನೊಳಗೆ ಇಳಿದಿದ್ದ ಬಣ್ಣ ಹೊರಬಂದು ತನ್ನ ಉದ್ದ ತಾನೇ ಬರೆದು ತೋರಿಸುತ್ತದೆ. ತುಕ್ಕಿನ ಎಳೆ ನಿಂತಲ್ಲಿ ಕೆಂಪು ಗೆರೆ ನಿಲ್ಲಲಿಲ್ಲ. ಅದು ಮೂಲೆ ಬಳಸಿ, ತೊಲೆಯ ಪಕ್ಕೆಯವರೆಗೂ ಹೋಗಿತ್ತು. ಯಜಮಾನರ ಕೈ ಜೇಬಿನಿಂದ ಹೊರಗೆ ಬಂತು.

ಯಾಕೆ ಹೀಗೆ? ಈ ಬಗೆಯ ಗಾಡಿಯ ಹುಟ್ಟಿನಲ್ಲೇ ಒಂದು ಎಳೆದಾಟವಿದೆ. ವಿಮಾನ ಕಟ್ಟಿ ಹೆಸರಾದ ಗ್ಲೆನ್ ಕರ್ಟಿಸ್ 1920ರ ದಶಕದ ಕೊನೆಯಲ್ಲಿ ಫ್ಲಾರಿಡಾದಲ್ಲಿ ‘ಏರೋಕಾರ್’ ಎಂಬ ಇಂಥದೇ ಟ್ರೇಲರು ಮಾಡಿದಾಗ ಅದರ ಒಡಲನ್ನು ವಿಮಾನದ ಒಡಲಿನ ರೀತಿಯಲ್ಲೇ ಹಗುರ ಮರ ಮತ್ತು ಬಿಗಿದ ತಂತಿಗಳಿಂದ ಕಟ್ಟಿದ್ದ. ಹಗುರವಾಗಿರಬೇಕು, ಗಟ್ಟಿಯೂ ಇರಬೇಕು ಎನ್ನುವುದು ಅಂದಿನಿಂದಲೂ ಇರುವ ಕಷ್ಟ. ಈಗ ಉತ್ತರ ಅಮೆರಿಕದ ಗಾಲಿ ಮನೆಗಳಲ್ಲಿ ಹತ್ತಕ್ಕೆ ಎಂಟು ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಸುತ್ತಮುತ್ತಲೇ ತಯಾರಾಗುತ್ತವೆ. ಕೊಳ್ಳುವವರು ಕೇಳುವುದು ದೊಡ್ಡ ಫ್ರಿಜ್ಜು, ಹೊರಕ್ಕೆ ಜಾರುವ ಕೋಣೆ, ಬೆಂಕಿಗೂಡು. ಎಳೆಯುವ ಪಿಕಪ್ಪು ಬಯಸುವುದು ಕಡಿಮೆ ತೂಕ. ಇಬ್ಬರನ್ನೂ ಒಲಿಸಲು ಹೊರಟಾಗ ಕತ್ತರಿ ಬೀಳುವುದು ಕಣ್ಣಿಗೆ ಕಾಣದ ಉಕ್ಕಿಗೆ. ಷೋರೂಮಿನಲ್ಲಿ ಯಾರೂ ಗಾಡಿಯ ಅಡಿಗೆ ಬಗ್ಗುವುದಿಲ್ಲವಲ್ಲ.

ಬಿರುಕು ಉಕ್ಕಿನ ಸೋಮಾರಿತನವಲ್ಲ. ತನಗಾಗಿ ಮಾಡದ ದಾರಿಯಲ್ಲಿ ತೂಕ ಹರಿದಾಗ, ಸಾವಿರ ಸಲ ಬಾಗಿ, ಎಲ್ಲಿ ಮೂಲೆ ಚೂಪಾಗಿದೆಯೋ ಅಲ್ಲಿ ಅದು ಬಾಯಿ ಬಿಡುತ್ತದೆ. ಆ ಬಾಯಿಯನ್ನಷ್ಟೇ ಬೆಸುಗೆಯಿಂದ ಹೊಲಿದು ಬಿಟ್ಟರೆ ಪಕ್ಕದಲ್ಲಿ ಇನ್ನೊಂದು ಬಾಯಿ ತೆರೆಯುತ್ತದೆ. ಒಳ್ಳೆಯ ವೆಲ್ಡರಿಗೂ ಬರೀ ರಾಡು ಸುಡುವವನಿಗೂ ಇರುವ ವ್ಯತ್ಯಾಸ ಇಷ್ಟೇ: ಮೊದಲನೆಯವನು ತೂಕ ಎಲ್ಲಿಂದ ಬಂತು ಎಂದು ಕೇಳುತ್ತಾನೆ.

ಇವನೂ ಕೇಳಿದ. ಕತ್ತಿನ ಕೆಳಗಿನ ಸಾಮಾನಿನ ಗೂಡು ತೋರಿಸಿ, “ಇದರೊಳಗೆ ಏನಿದೆ?” ಎಂದ. ಯಜಮಾನರು ಬ್ಯಾಟರಿ, ಜನರೇಟರ್, ಉಪಕರಣದ ಪೆಟ್ಟಿಗೆ ಎಂದು ಎಣಿಸಿದರು. ಆಮೇಲೆ ಸುಮ್ಮನಾದರು. ಹೆಣಿಗೆಯಿಂದ ಕಣ್ಣೆತ್ತದೆ ಅಜ್ಜಿ ಹೇಳಿದರು: “ಕಲ್ಲು.” ಚಳಿಗಾಲದಲ್ಲಿ ರತ್ನ-ಹರಳುಗಳ ಜಾತ್ರೆ ನಡೆಯುವ ಊರಿದು, ಬಯಲಲ್ಲಿ ಹೆಕ್ಕಿದ, ಸಂತೆಯಲ್ಲಿ ಕೊಂಡ ಅಗೇಟು, ಜಾಸ್ಪರು, ಬೆಣಚು ಬಕೆಟ್ಟುಗಟ್ಟಲೆ ಆ ಗೂಡಿನಲ್ಲಿದ್ದವು. ವೆಲ್ಡರ್ ನಗಲಿಲ್ಲ. ನೀರಿನ ಟ್ಯಾಂಕು ತುಂಬಿಕೊಂಡೇ ಓಡಿಸುತ್ತೀರಾ ಎಂದು ಕೇಳಿದ. ಹೌದಂತೆ. 60 ಗ್ಯಾಲನ್ನಿನ ಟ್ಯಾಂಕು ತುಂಬಿದರೆ ನೀರೇ 227 ಕಿಲೋ.

ಊರಿನ ಸ್ಮಶಾನದಲ್ಲಿ ಕಲ್ಲಿನ ಪಿರಮಿಡ್ಡೊಂದರ ತುದಿಗೆ ತಾಮ್ರದ ಒಂಟೆ ನಿಂತಿದೆ. 1856ರಲ್ಲಿ ಅಮೆರಿಕದ ಸೈನ್ಯ ಮರುಭೂಮಿಯಲ್ಲಿ ಹೊರೆ ಸಾಗಿಸಲು ತರಿಸಿದ ಒಂಟೆಗಳ ಜೊತೆಗೆ ಬಂದು, 1902ರಲ್ಲಿ ಇಲ್ಲೇ ತೀರಿಕೊಂಡ ಹಾಜಿ ಅಲಿಯ ಗೋರಿ ಅದು. ಇಲ್ಲಿನವರ ಬಾಯಲ್ಲಿ ಅವನು ಹೈ ಜಾಲಿ. ಹೊರೆ ಹೆಚ್ಚಾದರೆ ಒಂಟೆ ಏಳದೆ ಕೂತುಬಿಡುತ್ತದೆ. ಟ್ರೇಲರಿಗೆ ಆ ಅನುಕೂಲವಿಲ್ಲ.

ರಿಪೇರಿ ಶುರುವಾಗುವುದು ಬೆಂಕಿ ಹಚ್ಚುವುದರಿಂದಲ್ಲ, ಆರಿಸುವುದರಿಂದ. ಅಡುಗೆಯ ಪ್ರೊಪೇನ್ ಸಿಲಿಂಡರುಗಳನ್ನು ಮುಚ್ಚಿ ದೂರ ಒಯ್ದಿಟ್ಟಾಯಿತು. ಬ್ಯಾಟರಿಯ ತಂತಿ ಕಳಚಿದ್ದಾಯಿತು, ಇಲ್ಲದಿದ್ದರೆ ವೆಲ್ಡಿಂಗಿನ ಕರೆಂಟು ಗಾಡಿಯ ಎಲೆಕ್ಟ್ರಾನಿಕ್ಸ್ ಸುಡುತ್ತದೆ. ಉಕ್ಕಿಗೆ ಒಂದು ಗೇಣು ಮೇಲೆ ಪ್ಲೈವುಡ್ಡು, ಫೋಮು, ಅಂಟು, ಎಲ್ಲವೂ ಉರಿಯುವ ಪದಾರ್ಥವೇ. ಅಲ್ಲಿಗೆ ಬೆಂಕಿ ತಡೆಯುವ ಕಂಬಳಿ ತುರುಕಿ, ಯಜಮಾನರ ಕೈಗೆ ನೀರಿನ ಪೈಪು ಕೊಟ್ಟು ನಿಲ್ಲಿಸಿದ. ಅವರಿಗೂ ಒಂದು ಕೆಲಸ ಸಿಕ್ಕಿ ಮುಖ ಸ್ವಲ್ಪ ಗೆಲುವಾಯಿತು. ದಿಮ್ಮಿಗಳ ಮೇಲಿನ ಜಾಕನ್ನು ಅಷ್ಟಷ್ಟೇ ತಿರುವಿ, ಕತ್ತನ್ನು ಮೇಲೆತ್ತಿ, ಬಾಯಿಬಿಟ್ಟ ಸಂದು ಪೂರ್ತಿ ಕೂಡಿಕೊಂಡ ಮೇಲೆ ನಿಲ್ಲಿಸಿದ. ಸೊಟ್ಟಗಿದ್ದಾಗ ಬೆಸೆದರೆ ಸೊಟ್ಟವೇ ಗಟ್ಟಿಯಾಗುತ್ತದೆ.

ಕೆಂಪು ಗೆರೆ ಮುಗಿದ ಕಡೆ ಒಂದು ಸಣ್ಣ ತೂತು ಕೊರೆದ, ಬಿರುಕು ಅಲ್ಲಿಂದಾಚೆ ಓಡದಿರಲಿ ಎಂದು. ದುಂಡಗಿನ ತೂತಿನ ಅಂಚಿನಲ್ಲಿ ಸೆಳೆತ ಹಂಚಿಹೋಗುತ್ತದೆ, ಚೂಪು ತುದಿಯಲ್ಲಿ ಒಂದೇ ಕಡೆ ಗುಡ್ಡೆಯಾಗುತ್ತದೆ. ಆಮೇಲೆ ಗ್ರೈಂಡರಿನಿಂದ ಬಿರುಕನ್ನೇ ಅಗೆದು ತೋಡು ಮಾಡಿದ. ಹೊಳೆಯುವ ಹೊಸ ಉಕ್ಕು ಕಾಣುವವರೆಗೆ ಬಿಡಲಿಲ್ಲ. ನಾವು ಬರುವಾಗ ಕೇಳಿಸಿಕೊಂಡ ಅದೇ ಕೂಗು ಮತ್ತೆ. ಬಿಸಿ ಡಬ್ಬಿಯಲ್ಲಿ ತೇವ ತಾಗದಂತೆ ಇಟ್ಟಿದ್ದ 7018 ನಂಬರಿನ ರಾಡು ತೆಗೆದ, ತಲೆ ಕುಣಿಸಿ ಮುಖವಾಡ ಬೀಳಿಸಿದ. ನೀವು ಆ ಕಡೆ ನೋಡಬೇಡಿ, ಕಣ್ಣು ಕೆಡುತ್ತದೆ, ನೆಲ ನೋಡಿ. ಕಲ್ಲುಗಳ ಮೇಲೆ ನೀಲಿ ಬೆಳಕು ಕುಣಿಯುತ್ತಿದೆ, ಚಟಚಟ ಸದ್ದು ಎಡಬಿಡದೆ ಒಂದೇ ಲಯದಲ್ಲಿ ಸಾಗುತ್ತಿದೆ, ಸುಟ್ಟ ಕಬ್ಬಿಣದ ಒಗರು ವಾಸನೆ ಗಂಟಲಿಗೆ ಇಳಿಯುತ್ತಿದೆ. ಎರಡು ಬೆರಳಗಲ ಬೆಸೆದು ನಿಲ್ಲಿಸುತ್ತಾನೆ. ಸುತ್ತಿಗೆಯಿಂದ ಕಿಟ್ಟ ಕುಟ್ಟಿ ಉದುರಿಸಿ, ಬ್ರಷ್ಷಿನಿಂದ ಉಜ್ಜಿ, ಎದುರು ಬದಿಗೆ ಹೋಗುತ್ತಾನೆ. ಒಂದೇ ಕಡೆ ಕಾವು ಏರಿದರೆ ತೆಳು ತೊಲೆ ಬಾಗುತ್ತದೆ.

ಬಿರುಕು ತುಂಬಿದ ಮೇಲೆ ಅದರ ಮೇಲೊಂದು ಉಕ್ಕಿನ ತಗಡು. ತುದಿಗಳನ್ನು ನೆಟ್ಟಗೆ ಕತ್ತರಿಸದೆ ಓರೆಯಾಗಿ ಇಳಿಸಿದ್ದ. ನೆಟ್ಟಗಿದ್ದರೆ ತಗಡು ಮುಗಿಯುವ ಗೆರೆಯಲ್ಲೇ ಮುಂದಿನ ಬಿರುಕು ಹುಟ್ಟುತ್ತದೆ. ತೊಲೆಯ ಅಡಿಪಟ್ಟಿಗೆ ಅಡ್ಡಡ್ಡ ಬೆಸುಗೆ ಹಾಕುವುದಿಲ್ಲ, ಉದ್ದುದ್ದಕ್ಕೆ ಮಾತ್ರ. ಇದೇ ಕೆಲಸ ಇನ್ನೊಂದು ಬದಿಗೂ ಆಯಿತು. ಆ ಬದಿ ಇನ್ನೂ ಬಿರಿದಿರಲಿಲ್ಲ, ಆದರೆ ಭಾರ ಅದಕ್ಕೂ ಅಷ್ಟೇ.

ಹೊರಗೆ ಬರುವ ಮೊದಲು ಗಾಲಿಗಳ ಕಡೆಗೂ ಒಮ್ಮೆ ತೆವಳಿದ. ಸ್ಪ್ರಿಂಗ್ ಪ್ಲೇಟುಗಳನ್ನು ಹಿಡಿದ ಹ್ಯಾಂಗರುಗಳಲ್ಲಿ ಒಂದರ ಬೆಸುಗೆ ಎದ್ದಿತ್ತು. ಎರಡು ಅಚ್ಚಿನ ಗಾಡಿಯನ್ನು ಇಕ್ಕಟ್ಟಿನಲ್ಲಿ ತಿರುಗಿಸಿದಾಗ ಟೈರುಗಳು ಅಡ್ಡಕ್ಕೆ ಎಳೆದಾಡಿ ಹ್ಯಾಂಗರನ್ನು ಬುಡದಿಂದ ತಿರುಚುತ್ತವೆ. ಎಡ ಬಲ ಹ್ಯಾಂಗರುಗಳ ನಡುವೆ ಅಡ್ಡ ಪಟ್ಟಿ ಬೆಸೆದು ಅದನ್ನೂ ಮುಗಿಸಿದ.

ಬೂದು ಬಣ್ಣದ ಪ್ರೈಮರ್ ಬಳಿದು ಒಣಗಲು ಬಿಟ್ಟಾಗ ಬಿಸಿಲು ಇಳಿಯುತ್ತಿತ್ತು. ಮುಂಗಾಲು ಮತ್ತೆ ಏರಿತು, ಇಳಿಯಿತು, ಸಂದು ಕದಲಲಿಲ್ಲ. ಒಳಗಿನ ಸ್ಕ್ರೂ, ಗೋಡೆಯ ಫೈಬರು, ತೇವ ಕುಡಿದ ಪ್ಲೈವುಡ್ಡು, ಇವೆಲ್ಲ ಬೇರೆಯವರ ಕೆಲಸ, ಮೊದಲು ಒಣಗಲಿ ಎಂದ. ಹಣ ಎಣಿಸಿಕೊಂಡ ಮೇಲೆ ಇನ್ನೊಂದು ಮಾತು ಹೇಳಿದ: ಹೆದ್ದಾರಿಯ ಟ್ರಕ್ ನಿಲ್ದಾಣದಲ್ಲಿ ವೇ ಬ್ರಿಡ್ಜ್ ಇದೆ, ಹೊರಡುವ ದಿನ ಅಚ್ಚು ಅಚ್ಚಿನ ತೂಕದ ಚೀಟಿ ತೆಗೆದುಕೊಳ್ಳಿ. ಅಜ್ಜಿ ಕಲ್ಲಿನ ಬಕೆಟ್ಟುಗಳನ್ನು ಆಗಲೇ ಪೊದೆಯ ಬುಡಕ್ಕೆ ಸಾಗಿಸಿದ್ದರು. ಎರಡನ್ನು ಮಾತ್ರ ಉಳಿಸಿಕೊಂಡರು.

ಅಮೆರಿಕದಲ್ಲಿರುವ ನಮ್ಮವರು ಯಾರಾದರೂ ಇಂಥದೊಂದು ಹಳೆಯ ಗಾಡಿ ಕೊಳ್ಳಲು ಹೊರಟಿದ್ದರೆ ಅಡುಗೆಮನೆ ನೋಡುವ ಮೊದಲು ಟಾರ್ಚು ಹಿಡಿದು ಅಡಿಗೆ ಬಗ್ಗಿ. ಒಬ್ಬರು ಮುಂಗಾಲು ಏರಿಸಿ ಇಳಿಸಲಿ, ಇನ್ನೊಬ್ಬರು ಕತ್ತಿನ ಸಂದು ನೋಡಲಿ, ಹ್ಯಾಂಗರುಗಳ ಬುಡವನ್ನೂ ನೋಡಲಿ. ಗೋಡೆಯ ಮೇಲೆ ಹೊಸ ಸೀಲೆಂಟಿನ ಗೆರೆಗಳು ಹೆಚ್ಚಾಗಿ ಕಂಡರೆ ಯಾಕೆಂದು ಕೇಳಿ. ಸಂದು ಬಾಯಿ ಬಿಟ್ಟರೆ, ಬೆಲೆ ಎಷ್ಟೇ ಇಳಿಸಿದರೂ ಆ ಗಾಡಿ ಬೇಡ.